ಒಂದು ರಾತ್ರಿಗೆ ಒಂದೇ ಫ್ರೇಮ್

ರಾತ್ರಿ ಎರಡಕ್ಕೆ ಅಮ್ಮನ ಮಗ್ಗುಲು ಬದಲಿಸಬೇಕಿತ್ತು. ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಸೊಂಟದ ಹತ್ತಿರ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಂದು ವರ್ಷ ನಾಲ್ಕು ತಿಂಗಳು ಹೀಗೇ ನಡೆಯಿತು. ಆಮೇಲೆ ಅಮ್ಮ ಹೋದರು. ಹನ್ನೆರಡು, ಎರಡು, ನಾಲ್ಕು ಮಾತ್ರ ಉಳಿದುಕೊಂಡವು.

ದುಃಖಕ್ಕೆ ಹೀಗಾಗುತ್ತಿದೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಅಂದುಕೊಂಡೆ. ವೈಕುಂಠ ಸಮಾರಾಧನೆ ಆಯಿತು, ಮಾಸಿಕಗಳು ಆದವು, ವರ್ಷದ ತಿಥಿಯೂ ಬಂತು. ನಿದ್ದೆ ಬರಲಿಲ್ಲ. ಅಲಾರಂ ಇಲ್ಲದೆಯೇ ಸರಿಯಾಗಿ ಎರಡಕ್ಕೆ ಕಣ್ಣು ಬಿಡುತ್ತಿತ್ತು. ಕೈ ತಾನಾಗಿಯೇ ಪಕ್ಕಕ್ಕೆ ಚಾಚುತ್ತಿತ್ತು, ಅಮ್ಮನ ಭುಜ ಇರಬೇಕಾದ ಕಡೆಗೆ. ಅದಾದ ಮೇಲೆ ಬೆಳಗಾಗುವವರೆಗೆ ಎಚ್ಚರ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನೆಂಟರು ಅದನ್ನೇ ತಿರುಗಿಸಿ ಕೇಳುತ್ತಿದ್ದರು, "ನಿನಗೇನು ಅಷ್ಟೊಂದು ಚಿಂತೆ?" ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಚಿಂತೆ ಇರುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ದೇಹಕ್ಕೆ ಒಂದು ಕೆಲಸ ಕಲಿಸಿದ್ದೆ. ಕೆಲಸ ಮುಗಿದಿದೆ ಅಂತ ಅದಕ್ಕೆ ಹೇಳುವುದು ಹೇಗೆ ಅಂತ ಗೊತ್ತಿರಲಿಲ್ಲ.

ನಮ್ಮ ಮನೆ ಮೈಸೂರಿನ ಇಟ್ಟಿಗೆಗೂಡಿನಲ್ಲಿ, ಮೃಗಾಲಯದ ಹಿಂದುಗಡೆಗೆ. ಆ ಮೃಗಾಲಯ 1892ರಿಂದ ಅಲ್ಲೇ ಇದೆ. ಹಾಗಾಗಿ ನಮ್ಮ ಬೀದಿಯ ಮಕ್ಕಳಿಗೆ ಸಿಂಹದ ಗರ್ಜನೆ ಅಂದರೆ ಪಕ್ಕದ ಮನೆಯವರ ಕೆಮ್ಮು ಇದ್ದ ಹಾಗೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನಾನು ಬೆಚ್ಚಿಬೀಳುತ್ತಿದ್ದೆ. ಆಮೇಲೆ ಕೇಳಿಸುವುದೇ ನಿಂತುಹೋಗಿತ್ತು. ನಿದ್ದೆ ಹೋದ ಮೇಲೆ ಮತ್ತೆ ಕೇಳತೊಡಗಿತು. ಮೂರು ಗಂಟೆಯ ಸುಮಾರಿಗೆ, ಗಂಟಲಿನ ತಳದಿಂದ ಎಳೆದ ಹಾಗೆ ನಾಲ್ಕೈದು ಸಲ. ಅದರ ಹಿಂದೆಯೇ ಬೀದಿನಾಯಿಗಳು. ಅದಾದ ಮೇಲೆ ಬರುವ ಮೌನ ಇದೆಯಲ್ಲ, ಅದನ್ನು ನಾನು ಯಾರಿಗಾದರೂ ತೋರಿಸಬೇಕು ಅಂತ ತುಂಬಾ ಅನಿಸುತ್ತಿತ್ತು. ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಫೋಟೋ ತೆಗೆಯುವ ಅಭ್ಯಾಸ ಮೊದಲಿಂದಲೂ ಇತ್ತು. ಹಕ್ಕಿ, ದಸರಾ, ಕಾರಂಜಿ ಕೆರೆ, ಇಂಥವು. ಒಂದು ರಾತ್ರಿ ಸುಮ್ನೆ ಕ್ಯಾಮೆರಾ ತಗೊಂಡು ತಾರಸಿಗೆ ಹೋದೆ. ಹುಣ್ಣಿಮೆ ಆಸುಪಾಸು. ಟ್ರೈಪಾಡ್ ಮೇಲಿಟ್ಟು 30 ಸೆಕೆಂಡ್ ಶಟರ್ ತೆರೆದೆ. ಪರದೆ ಮೇಲೆ ಬಂದದ್ದನ್ನು ನೋಡಿ ಮೈ ಜುಮ್ಮೆಂದಿತು. ತುಳಸಿ ಹಸಿರಾಗಿತ್ತು. ಪ್ಲಾಸ್ಟಿಕ್ ಬಕೆಟ್ ಕೆಂಪಾಗಿತ್ತು. ಆಕಾಶ ನೀಲಿ, ಅದರಲ್ಲಿ ನಕ್ಷತ್ರ. ನನ್ನ ಕಣ್ಣಿಗೆ ಅಲ್ಲಿ ಇದ್ದದ್ದು ಬೂದಿಯ ಬಣ್ಣ ಮಾತ್ರ.

ಕಾರಣ ಸರಳ. ಬೆಳದಿಂಗಳು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಹೆಚ್ಚುಕಮ್ಮಿ ಕೆಲಸ ನಿಲ್ಲಿಸುತ್ತವೆ. ಮಂದ ಬೆಳಕಿನ ಕೋಶಗಳು ಮಾತ್ರ ದುಡಿಯುತ್ತವೆ, ಅವಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಅವು ಪೂರ್ತಿ ಹದಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷ ಕತ್ತಲಲ್ಲಿ ಇರಬೇಕು. ಕ್ಯಾಮೆರಾಕ್ಕೆ ಈ ತೊಂದರೆ ಇಲ್ಲ. ಅದು ಬೆಳಕನ್ನು ಕೂಡಿಡುತ್ತದೆ, ಹನಿ ಹನಿಯಾಗಿ.

ಇನ್ನೊಂದು ವಿಷಯ ಅವತ್ತೇ ಗಮನಿಸಿದೆ. 30 ಸೆಕೆಂಡ್ ಮುಗಿದ ಮೇಲೂ ಕ್ಯಾಮೆರಾ ಚಿತ್ರ ತೋರಿಸಲಿಲ್ಲ. ಮತ್ತೆ 30 ಸೆಕೆಂಡ್ ಸುಮ್ಮನಿತ್ತು. ಕೆಟ್ಟಿತೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಹೆಚ್ಚು ಹೊತ್ತು ತೆರೆದಿಟ್ಟಾಗ ಸೆನ್ಸರ್ ಮೇಲೆ ಸುಳ್ಳು ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ. ಅವನ್ನು ಕಳೆಯಲು ಕ್ಯಾಮೆರಾ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಇನ್ನೊಂದು ಕತ್ತಲ ಫೋಟೋ ತೆಗೆದುಕೊಳ್ಳುತ್ತದೆ. ಎಷ್ಟು ಹೊತ್ತು ಕಣ್ಣು ತೆರೆದಿತ್ತೋ ಅಷ್ಟು ಹೊತ್ತು ಮುಚ್ಚಿಕೊಳ್ಳಬೇಕು. ಆ ಕತ್ತಲಲ್ಲಿ ನಿಂತು ಆ ಪುಟ್ಟ ಕೆಂಪು ದೀಪ ಮಿನುಗುವುದನ್ನು ನೋಡುತ್ತಾ ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಕೆಲವು ವಾರ ತಾರಸಿಯಿಂದಲೇ ತೆಗೆದೆ. ಚಾಮುಂಡಿ ಬೆಟ್ಟದ ದಾರಿಯ ದೀಪಗಳು, ಪಕ್ಕದ ಮನೆಯ ನೀರಿನ ಟ್ಯಾಂಕು, ತಂತಿ ಮೇಲೆ ಒಣಗಲು ಬಿಟ್ಟ ಸೀರೆ ಗಾಳಿಗೆ ಹೊಗೆಯ ಹಾಗೆ ಆಗಿರುವುದು. ಬೀದಿಗೆ ಇಳಿಯಬೇಕು ಅಂತ ಆಸೆಯಿತ್ತು. 1930ರ ಆಸುಪಾಸಿನಲ್ಲಿ ಬ್ರಸಾಯಿ ಅನ್ನುವ ಫೋಟೋಗ್ರಾಫರ್ ಪ್ಯಾರಿಸ್ಸಿನ ರಾತ್ರಿಯನ್ನು ತೆಗೆಯುತ್ತಾ ಬೀದಿ ಬೀದಿ ಅಲೆದಿದ್ದ. ಎಕ್ಸ್‌ಪೋಷರ್ ಎಷ್ಟು ಹೊತ್ತು ಅನ್ನುವುದನ್ನು ಸಿಗರೇಟು ಉರಿಯುವ ಲೆಕ್ಕದಲ್ಲಿ ಅಳೆಯುತ್ತಿದ್ದನಂತೆ. ಓದಿದಾಗ ನನಗೆ ಮೊದಲು ಬಂದ ಯೋಚನೆ ಬೆಳಕಿನದ್ದಲ್ಲ. ಅಷ್ಟು ಹೊತ್ತು ಒಬ್ಬನೇ ಒಂದು ಮೂಲೆಯಲ್ಲಿ ನಿಲ್ಲಬಹುದಿತ್ತಲ್ಲ ಅವನು, ಅಂತ. ನಾನು ಎರಡು ಸಲ ಗಂಡನ ಜೊತೆ ಸ್ಕೂಟರಿನಲ್ಲಿ ಹೋದೆ. ದೀಪ ಆರಿಸಿದ ಅರಮನೆಯನ್ನು ತೆಗೆದೆ. ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಸಿದಾಗ ಎಲ್ಲರೂ ತೆಗೆಯುತ್ತಾರೆ. ಅವು ಆರಿದ ಮೇಲೆ ಅದು ಬೇರೆಯದೇ ಕಟ್ಟಡ, ಭಾರವಾದ ಒಂದು ಬೆಟ್ಟದ ಹಾಗೆ. ಆದರೆ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರನ್ನು ರಾತ್ರಿ ಮೂರಕ್ಕೆ ಎಬ್ಬಿಸುವುದು ತಪ್ಪು ಅನಿಸಿತು. ಗೇಟಿನಿಂದ ಆಚೆ ನನ್ನ ರಾತ್ರಿ ಹೋಗುವುದಿಲ್ಲ ಅಂತ ಒಪ್ಪಿಕೊಂಡೆ. ಅದರ ಬಗ್ಗೆ ಈಗಲೂ ಸಿಟ್ಟಿದೆ.

ಹಾಗಾಗಿ ಮನೆಯೊಳಗೇ ತೆಗೆದೆ. ಗಡಿಯಾರ. ಮಾತ್ರೆಯ ಪಟ್ಟಿ. ಮುದುಡಿದ ಹಾಸಿಗೆ. ಕನ್ನಡಿಯಲ್ಲಿ ನನ್ನದೇ ಕೆಂಪು ಕಣ್ಣು. ಕಪ್ಪು ಬಿಳುಪು ಮಾಡಿ ಊರಿನ ಫೋಟೋ ಗೆಳೆಯರ ಗುಂಪಿನಲ್ಲಿ ತೋರಿಸಿದೆ. ಅಲ್ಲೊಬ್ಬರು ಹಿರಿಯರು, ಫಿಲ್ಮ್ ಕಾಲದವರು. ಒಂದೊಂದೇ ನೋಡಿ ನಿಧಾನಕ್ಕೆ ಹೇಳಿದರು, "ಇದೆಲ್ಲ ನಿದ್ದೆ ಬರಲ್ಲ ಅನ್ನೋ ಸುದ್ದಿ ಹೇಳುತ್ತೆ. ನಿದ್ದೆ ಬರದ ರಾತ್ರಿ ಇದರಲ್ಲಿ ಎಲ್ಲಿದೆ?"

ಆ ಮಾತು ನೋಯಿಸಿತು. ಆದರೆ ಸರಿ ಅಂತ ಅಲ್ಲೇ ಗೊತ್ತಾಯಿತು. ನನ್ನ ರಾತ್ರಿಯ ಸಂಕಟ ಗಡಿಯಾರದಲ್ಲಿ ಇರಲಿಲ್ಲ. ಅದು ಉದ್ದದಲ್ಲಿತ್ತು. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೆಗೆದ ಫೋಟೋದಲ್ಲಿ ಆ ಉದ್ದ ಹೇಗೆ ಬರಬೇಕು?

ಅವರೇ ಇನ್ನೊಂದು ದಿನ ಹಿರೋಶಿ ಸುಗಿಮೊಟೊ ಅವರ ಕೆಲಸ ತೋರಿಸಿದರು. ಜಪಾನಿನವರು. 1970ರ ದಶಕದಿಂದ ಸಿನಿಮಾ ಮಂದಿರಗಳ ಒಳಗೆ ದೊಡ್ಡ ಕ್ಯಾಮೆರಾ ಇಟ್ಟು, ಸಿನಿಮಾ ಶುರುವಾದಾಗ ಶಟರ್ ತೆರೆದು, ಮುಗಿದಾಗ ಮುಚ್ಚುತ್ತಾ ಬಂದವರು. ಇಡೀ ಸಿನಿಮಾ ಒಂದೇ ಫ್ರೇಮಿನಲ್ಲಿ. ಅಷ್ಟೂ ಕಥೆ ಒಂದರ ಮೇಲೊಂದು ಬಿದ್ದು ಪರದೆ ಅಚ್ಚ ಬಿಳಿಯಾಗಿ ಹೊಳೆಯುತ್ತದೆ. ಆ ಬೆಳಕಿನಲ್ಲಿ ಖಾಲಿ ಕುರ್ಚಿಗಳ ಸಾಲು, ಗೋಡೆಯ ಕೆತ್ತನೆ ಎಲ್ಲ ಕಾಣುತ್ತವೆ. ಇನ್ನೊಂದು ಫೋಟೋವನ್ನೂ ಅವರು ನೆನಪಿಸಿದರು. ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು ತೆಗೆದದ್ದು. ತಟ್ಟೆಗೆ ಚಿತ್ರ ಹಿಡಿಯಲು ನಿಮಿಷಗಟ್ಟಲೆ ಬೇಕಾದ ಕಾಲ. ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಉಳಿದಿದ್ದಾನೆ.

ನಿಂತವರು ಉಳಿಯುತ್ತಾರೆ, ಚಲಿಸಿದವರು ಅಳಿಸಿಹೋಗುತ್ತಾರೆ. ಸ್ಕೂಟರ್ ಹತ್ತಿ ಮನೆಗೆ ಬರುವಷ್ಟರಲ್ಲಿ ಏನು ಮಾಡಬೇಕು ಅಂತ ತೀರ್ಮಾನವಾಗಿತ್ತು. ಅಮ್ಮನ ಕೋಣೆ, ಅಮ್ಮನ ಮಂಚ. ಮಲಗಿದಾಗ ಶಟರ್ ತೆರೆಯುವುದು, ಎದ್ದಾಗ ಮುಚ್ಚುವುದು. ಒಂದು ರಾತ್ರಿಗೆ ಒಂದೇ ಫ್ರೇಮ್.

ಡಿಜಿಟಲ್ ಕ್ಯಾಮೆರಾದಲ್ಲಿ ಅದು ಕಷ್ಟ. ಗಂಟೆಗಟ್ಟಲೆ ತೆರೆದಿಟ್ಟರೆ ಸೆನ್ಸರ್ ಬಿಸಿಯಾಗುತ್ತದೆ, ಬ್ಯಾಟರಿ ಸಾಯುತ್ತದೆ. ಹಿರಿಯರು ತಮ್ಮ ಹಳೆಯ ಪೆಂಟಾಕ್ಸ್ ಕೆ1000 ಕೊಟ್ಟರು. ಅದರ ಶಟರಿಗೆ ಬ್ಯಾಟರಿ ಬೇಡ, ಎಲ್ಲ ಸ್ಪ್ರಿಂಗು, ಗಾಲಿ. 'ಬಿ'ಗೆ ತಿರುಗಿಸಿ, ಕೇಬಲ್ ಒತ್ತಿ ಬಿಗಿ ಮಾಡಿದರೆ ಬಿಚ್ಚುವವರೆಗೂ ತೆರೆದೇ ಇರುತ್ತದೆ.

ಬೆಳಕಿನ ಲೆಕ್ಕ ಮಾಡಲು ಮೂರು ರಾತ್ರಿ ಹಿಡಿಯಿತು. ಕೋಣೆಯಲ್ಲಿ ದೀಪ ಇಲ್ಲ. ಬೀದಿ ದೀಪದ ಬೆಳಕು ಪರದೆಯನ್ನು ದಾಟಿ ಒಂದಿಷ್ಟು ಬರುತ್ತದೆ, ಅಷ್ಟೇ. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ 6400, ಎಫ್/5.6 ಇಟ್ಟಾಗ 7 ಸೆಕೆಂಡಿಗೆ ಸರಿಯಾಗಿ ಬಂತು. ಐಎಸ್‌ಒ ಅಂದರೆ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ; ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ಅದನ್ನೇ ಐಎಸ್‌ಒ 400ರ ಫಿಲ್ಮಿಗೆ, ಎಫ್/22ಕ್ಕೆ ಬದಲಾಯಿಸಿದರೆ 256 ಪಟ್ಟು ಹೊತ್ತು ಬೇಕು. ಅಂದರೆ ಹತ್ತಿರ ಹತ್ತಿರ ಅರ್ಧ ಗಂಟೆ. ಅರ್ಧ ಗಂಟೆ ಸಾಕಾಗುವುದಿಲ್ಲವಲ್ಲ, ನನಗೆ ಇಡೀ ರಾತ್ರಿ ಬೇಕು ಅಂತ ನಿರಾಸೆಯಾಯಿತು.

ಇಲ್ಲೇ ಫಿಲ್ಮು ನನ್ನ ಕೈ ಹಿಡಿದದ್ದು. ಮಂದ ಬೆಳಕಿನಲ್ಲಿ ಹೆಚ್ಚು ಹೊತ್ತು ತೆರೆದಿಟ್ಟರೆ ಫಿಲ್ಮ್ ದಣಿಯುತ್ತದೆ. ಬೆಳಕು ಬೀಳುತ್ತಲೇ ಇರುತ್ತದೆ, ಆದರೆ ಅದು ಹಿಡಿದುಕೊಳ್ಳುವುದು ಕಡಿಮೆಯಾಗುತ್ತಾ ಹೋಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ. ನಮ್ಮ ಹಿರಿಯರು ಮಾತ್ರ "ಫಿಲ್ಮಿಗೆ ತೂಕಡಿಕೆ" ಅನ್ನುತ್ತಾರೆ. ಎಷ್ಟು ತೂಕಡಿಸುತ್ತದೆ ಅನ್ನುವುದಕ್ಕೆ ಫಿಲ್ಮ್ ತಯಾರಿಸುವ ಇಲ್‌ಫರ್ಡ್ ಕಂಪನಿ ಒಂದು ಸೂತ್ರ ಕೊಟ್ಟಿದೆ. ಎಚ್‌ಪಿ5 ಫಿಲ್ಮಿಗಾದರೆ ಲೆಕ್ಕದ ಸೆಕೆಂಡುಗಳನ್ನು 1.31ರ ಘಾತಕ್ಕೆ ಏರಿಸಬೇಕು. 1800 ಸೆಕೆಂಡ್ ಹಾಕಿ ನೋಡಿದೆ. ಉತ್ತರ ಸುಮಾರು 18,400 ಸೆಕೆಂಡ್. ಐದು ಗಂಟೆ ಚಿಲ್ಲರೆ.

ಅಮ್ಮ ದಿನಾ ಸಂಜೆ ಹೇಳುತ್ತಿದ್ದ ವಿಷ್ಣು ಸಹಸ್ರನಾಮಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಲೆಕ್ಕದ ಪ್ರಕಾರ ಒಂದು ಸಹಸ್ರನಾಮ ಸಾಕು, ಫಿಲ್ಮಿಗೆ ಹತ್ತು ಬೇಕು. ರಾತ್ರಿ ಹನ್ನೊಂದೂವರೆಗೆ ತೆರೆದು ನಾಲ್ಕೂವರೆಗೆ ಮುಚ್ಚಿದರೆ ಸರಿಹೋಗುತ್ತದೆ. ಬೆಳಕು ಹರಿಯುವುದರೊಳಗೆ ಮುಚ್ಚಲೇಬೇಕು, ಇಲ್ಲವಾದರೆ ಎಲ್ಲ ಹೋಯಿತು. ಅದಕ್ಕೆ ಅಲಾರಂ ಇಡಲಿಲ್ಲ. ನಾಲ್ಕೂವರೆಗೆ ನಾನು ಎಚ್ಚರ ಇಲ್ಲದ ರಾತ್ರಿಯೇ ಇರಲಿಲ್ಲ.

ಇದೇ ಹೊತ್ತಿಗೆ ನಾನು ಒಬ್ಬ ಆಪ್ತಸಲಹೆಗಾರರ ಹತ್ತಿರ ಹೋಗುತ್ತಿದ್ದೆ. ವಾರಕ್ಕೆ ಮೂರು ರಾತ್ರಿಯ ಹಾಗೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ನನ್ನದು ಅದನ್ನು ದಾಟಿ ಬಹಳ ದೂರ ಬಂದಿತ್ತು. ಅವರು ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದುವ ದಾರಿ ಹಿಡಿದರು, ಸಿಬಿಟಿ-ಐ ಅಂತ ಅದರ ಹೆಸರು. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಮಂಚದಿಂದ ಎದ್ದು ಬೇರೆ ಕೋಣೆಗೆ ಹೋಗಿ ಕೂರಬೇಕು. ಕಣ್ಣು ಎಳೆದಾಗ ಮಾತ್ರ ವಾಪಸ್ ಬರಬೇಕು. ಗಡಿಯಾರ ನೋಡಬಾರದು. ಬೆಳಗ್ಗೆ ಎದ್ದು ಡೈರಿಯಲ್ಲಿ ಬರೆಯಬೇಕು. ಕ್ಯಾಮೆರಾ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿದರು. "ತೆರೆದ ಮೇಲೆ ಅದನ್ನು ಮರೆತುಬಿಡಬೇಕು. ಫೋಟೋ ಚೆನ್ನಾಗಿ ಬರಲಿ ಅಂತ ಎದ್ದಿರೋಕೆ ಶುರು ಮಾಡಿದ ದಿನ ನನಗೆ ಹೇಳಿ," ಅಂದರು.

ಒಂದು ರೋಲಿನಲ್ಲಿ 36 ಫ್ರೇಮ್. ಅಂದರೆ 36 ರಾತ್ರಿ. ನಡುನಡುವೆ ತಪ್ಪಿದ ದಿನ ಸೇರಿ ಮೊದಲ ರೋಲು ಮುಗಿಯಲು ಎರಡು ತಿಂಗಳಾಯಿತು. ಏನು ಬಂದಿದೆ ಅಂತ ಅಲ್ಲಿಯವರೆಗೆ ಗೊತ್ತಿಲ್ಲ. ಬಚ್ಚಲುಮನೆಯಲ್ಲಿ ಐಸ್ ಹಾಕಿ ನೀರನ್ನು 20 ಡಿಗ್ರಿಗೆ ತಂದು, ಹಿರಿಯರು ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಡೆವಲಪ್ ಮಾಡಿದೆ. ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದಾಗ ಕೈ ನಡುಗುತ್ತಿತ್ತು.

ಒಂದು ಫ್ರೇಮ್ ಬಗ್ಗೆ ಹೇಳುತ್ತೇನೆ, ಏಳನೆಯದು. ಮಂಚದ ಕಟ್ಟು, ಕಿಟಕಿಯ ಸರಳು, ಸ್ಟೂಲ್ ಮೇಲಿನ ತಾಮ್ರದ ಚೊಂಬು, ಅದರ ಮೇಲೆ ಬೋರಲು ಹಾಕಿದ ಲೋಟ, ಇಷ್ಟೂ ಸೂಜಿಯಲ್ಲಿ ಗೀರಿದ ಹಾಗೆ ಸ್ಪಷ್ಟ. ದಿಂಬಿನ ಮೇಲೆ ತಲೆ ಇಲ್ಲ, ಮೂರು ನಾಲ್ಕು ತಲೆಗಳ ನೆರಳು ಇದೆ. ಕೈಗಳು ಹತ್ತಾರು, ಹೊದಿಕೆಯ ಮೇಲೆ ಮಂಜಿನ ಹಾಗೆ. ನಾನು ಎದ್ದು ಹೋಗಿ ಹಜಾರದಲ್ಲಿ ಕೂತಿದ್ದ ಹೊತ್ತು ಕೂಡ ಅದರಲ್ಲಿದೆ. ಹೇಗೆ ಅಂದರೆ ನನ್ನ ಸೊಂಟದ ಮೂಲಕ ಹಾಸಿಗೆಯ ಚೌಕುಳಿ ಕಾಣುತ್ತದೆ. ಇದ್ದೂ ಇಲ್ಲದ ಹಾಗೆ. ಆ ವರ್ಷವೆಲ್ಲ ನನಗೆ ನನ್ನ ಬಗ್ಗೆ ಅನಿಸಿದ್ದು ಅದೇ. ಮಾತಿನಲ್ಲಿ ಒಮ್ಮೆಯೂ ಹೇಳಲಾಗದ್ದು ಅಲ್ಲಿ ಕೂತಿತ್ತು. ಬಚ್ಚಲ ಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮ ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಅದರ ಪಕ್ಕದ ಎಂಟನೆಯದು ನನ್ನನ್ನು ಬೇರೆ ರೀತಿ ಅಲ್ಲಾಡಿಸಿತು. ಅದರಲ್ಲಿ ನಾನು ಇದ್ದೇನೆ. ಎಡ ಮಗ್ಗುಲಿಗೆ ಮಲಗಿದ್ದೇನೆ, ಮಡಿಸಿದ ಮೊಣಕಾಲು ಕಾಣುತ್ತದೆ, ಕೆನ್ನೆಯ ಕೆಳಗಿನ ಕೈ ಕಾಣುತ್ತದೆ. ಡೈರಿ ತೆಗೆದು ಆ ದಿನದ್ದು ನೋಡಿದೆ. "ಒಂದು ನಿಮಿಷವೂ ನಿದ್ದೆ ಇಲ್ಲ" ಅಂತ ಬರೆದಿದ್ದೆ. ನಿದ್ದೆ ಇಲ್ಲದ ನಾನು ಹೀಗೆ ಕಲ್ಲಿನ ಹಾಗೆ ಮಲಗುವವಳಲ್ಲ. ಐದು ಗಂಟೆಯ ಫ್ರೇಮಿನಲ್ಲಿ ಮೊಣಕಾಲು ಇಷ್ಟು ಗಟ್ಟಿಯಾಗಿ ಮೂಡಬೇಕಾದರೆ ಅದು ಗಂಟೆಗಟ್ಟಲೆ ಅಲ್ಲೇ ಇರಬೇಕು.

ಸಲಹೆಗಾರರಿಗೆ ತೋರಿಸಿದೆ. ನಿದ್ದೆಯ ತೊಂದರೆ ಇರುವ ಎಷ್ಟೋ ಜನರಿಗೆ ಹೀಗಾಗುತ್ತದಂತೆ. ಮಲಗಿದ್ದು ಲೆಕ್ಕಕ್ಕೆ ಬರುವುದಿಲ್ಲ, ಎಚ್ಚರ ಇದ್ದದ್ದೇ ಇಡೀ ರಾತ್ರಿ ಅನಿಸಿಬಿಡುತ್ತದೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನಿಸಿರುತ್ತದೆ. ಇದನ್ನು ಅವರು ಮೊದಲೂ ಹೇಳಿದ್ದರು. ಬಾಯಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಒಂದು ಅಪಾಯವೂ ಬಂತು, ಅದನ್ನು ಮುಚ್ಚಿಡಬಾರದು. ಏಳನೆಯ ಫ್ರೇಮಿನಂಥದ್ದು ಇನ್ನೊಂದು ಬೇಕು ಅನಿಸತೊಡಗಿತು. ಚೆನ್ನಾಗಿ ಮಲಗಿದ ರಾತ್ರಿಯ ಫ್ರೇಮ್ ಸಪ್ಪೆ ಅನಿಸಿತು. ಹೊರಳಾಡುವ ರಾತ್ರಿ ಬರಲಿ ಅಂತ ಒಳಗೊಳಗೇ ಕಾದೆ. ನೋವಿನಿಂದ ಕಲೆ ಹುಟ್ಟುತ್ತದೆ ಅಂತ ಹೇಳಿಕೊಂಡು ನೋವನ್ನು ಸಾಕಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅದರ ಸೆಳೆತ ಎಷ್ಟು ಅಂತ ಆಗ ಗೊತ್ತಾಯಿತು. ಮಾತು ಕೊಟ್ಟಿದ್ದ ಹಾಗೆ ಸಲಹೆಗಾರರಿಗೆ ಹೇಳಿದೆ. ಮೂರು ವಾರ ಕ್ಯಾಮೆರಾ ಬೀರುವಿನಲ್ಲಿತ್ತು.

ಆ ದಿನಗಳಲ್ಲಿ ಲೂಯಿಸ್ ಬೂರ್ಜ್ವಾ ಬಗ್ಗೆ ಓದಿದೆ. ದೊಡ್ಡ ಶಿಲ್ಪಿ. ಎಂಬತ್ತು ದಾಟಿದ ಮೇಲೆ, 1994ರ ನವೆಂಬರಿನಿಂದ 1995ರ ಜೂನ್‌ವರೆಗೆ, ನಿದ್ದೆ ಬರದ ರಾತ್ರಿಗಳಲ್ಲಿ 220 ಚಿತ್ರ ಬರೆದರು. ಸಂಗೀತ ಬರೆಯುವ ಗೆರೆ ಹಾಳೆಯ ಮೇಲೂ ಗೀಚಿದ್ದಾರೆ. ಸುರುಳಿ, ಅಲೆ, ಮತ್ತೆ ಮತ್ತೆ ಅದೇ ಗೆರೆ. ಯಾರಿಗಾದರೂ ತೋರಿಸಬೇಕು ಅನ್ನುವ ಅವಸರ ಅವುಗಳಲ್ಲಿ ನನಗೆ ಕಾಣಲಿಲ್ಲ. ರಾತ್ರಿ ದಾಟಲು ಕೈಗೆ ಒಂದು ಕೆಲಸ. ಅದನ್ನು ನೋಡಿ ನನ್ನ ಮನಸ್ಸು ತಣ್ಣಗಾಯಿತು.

ಮತ್ತೆ ಶುರು ಮಾಡಿದಾಗ ಫ್ರೇಮು ಹೇಗೆ ಬರುತ್ತದೆ ಅಂತ ಯೋಚಿಸುವುದನ್ನು ಬಿಟ್ಟೆ. ಒಟ್ಟು ಮೂರು ರೋಲು ಆಯಿತು. ಅದರಲ್ಲಿ ಹನ್ನೊಂದನ್ನು ಆರಿಸಿ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹತ್ತಿಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಕತ್ತಲ ಫೋಟೋ ಪ್ರಿಂಟ್ ಮಾಡುವುದು ಸುಲಭವಲ್ಲ. ಕಂಪ್ಯೂಟರ್ ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕಿಲ್ಲ. ಪರದೆ ಮೇಲೆ ಕಂಡ ಹೊದಿಕೆಯ ಸುಕ್ಕು ಕಾಗದದಲ್ಲಿ ಮಸಿಯಾಗಿ ಬಿಡುತ್ತದೆ. ನಾಲ್ಕು ಸಲ ವಾಪಸ್ ಕಳಿಸಿ, ಐದನೇ ಸಲ ಆ ಚೊಂಬಿನ ಅಂಚು ಸರಿಯಾಗಿ ಬಂತು.

ಊರಿನ ಒಂದು ಪುಟ್ಟ ಗ್ಯಾಲರಿಯಲ್ಲಿ ನಾಲ್ಕು ದಿನ ತೂಗುಹಾಕಿದೆವು. ಅಮ್ಮನ ವಿಷಯ ಎಲ್ಲೂ ಬರೆದಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದರು, ಆಸ್ಪತ್ರೆಯಲ್ಲಿ ನರ್ಸ್ ಅಂತೆ, ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದು ಬಂದಿದ್ದರು. ಏಳನೆಯ ಫ್ರೇಮಿನ ಎದುರು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಇವರನ್ನ ಯಾರೋ ಎರಡೆರಡು ಗಂಟೆಗೆ ತಿರುಗಿಸಿ ಮಲಗಿಸಿದ ಹಾಗಿದೆ, ಅಲ್ವಾ?"

ಏನು ಹೇಳಬೇಕು ಅಂತ ತೋಚಲಿಲ್ಲ. ಅವರ ಕೈ ಹಿಡಿದುಕೊಂಡೆ.

ಹನ್ನೊಂದನೆಯ ಪ್ರಿಂಟ್ ಮೂರನೇ ರೋಲಿನದ್ದು. ಸ್ಟುಡಿಯೋದವರು ಫೋನ್ ಮಾಡಿ, "ಮೇಡಂ, ಇದೊಂದು ಹಾಳಾಗಿದೆ, ಬಿಟ್ಟುಬಿಡಲಾ?" ಅಂತ ಕೇಳಿದ್ದರು. ನೆಗೆಟಿವ್ ಇದ್ದಿಲಿನ ಹಾಗೆ ಕಪ್ಪಗಿತ್ತು. ಪ್ರಿಂಟ್ ಆದಾಗ ಬೆಳ್ಳಗೆ, ಖಾಲಿ ಕಾಗದದ ಹಾಗೆ. ಹತ್ತಿರ ಹೋದರೆ ಮಾತ್ರ ಎಡಗಡೆ ಮೇಲೆ ಒಂದು ತೆಳು ಬೂದು ಗೆರೆ, ಕಿಟಕಿಯ ಸರಳು. ಬಲಗಡೆ ಚೊಂಬಿನ ಮೇಲಿನ ಲೋಟದ ಅರ್ಧ ಸುತ್ತು. ಮಂಚ ಇಲ್ಲ, ನಾನೂ ಇಲ್ಲ.

ಬಿಡಬೇಡಿ, ಇದನ್ನೂ ಹಾಕಿ ಅಂದೆ. ಆ ರಾತ್ರಿ ನಾನು ನಾಲ್ಕೂವರೆಗೆ ಏಳಲಿಲ್ಲ. ಸಿಂಹವೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಏಳೂಕಾಲು, ಪರದೆಯ ತುಂಬ ಬಿಸಿಲು. ಎದ್ದವಳು ಕ್ಯಾಮೆರಾ ಕಡೆ ನೋಡಲೇ ಇಲ್ಲ, ಹಾಲು ಕಾಯಿಸೋಕೆ ಅಡುಗೆಮನೆಗೆ ಹೋದೆ. ಶಟರ್ ಮುಚ್ಚಲು ನೆನಪಾದಾಗ ಎಂಟು ಗಂಟೆಯಾಗಿತ್ತು.